ಖಾಸಿಂ ಅಲಿಯ ಸಿಟ್ಟು ಮತ್ತು ಹುಲ್ಲು ಮಷಿನ್

ಖಾಸಿಂ ಅಲಿ ಹೆಂಡತಿಯ ಮೇಲೆ ಮೊದಲ ಸಲ ಕೈ ಎತ್ತಿದ್ದು ಮದುವೆಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಹಾಜಿರಾಬೀ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಂಚು ಇಳಿಸುವಾಗ ಇಕ್ಕಳ ಜಾರಿತು, ಹಂಚು ನೆಲಕ್ಕೆ ಬಿದ್ದು ಸದ್ದಾಯಿತು. ಅಷ್ಟೇ. ಒಳಕೋಣೆಯಲ್ಲಿ ಮಲಗಿದ್ದವನು ಎದ್ದು ಬಂದ. ಬರಿಗಾಲನ್ನು ಆ ಕಾದ ಹಂಚಿನ ಮೇಲೆಯೇ ಇಟ್ಟ. ಅಂಗಾಲು ಸುಟ್ಟದ್ದು ಗೊತ್ತೇ ಆಗದವನಂತೆ ಅವಳ ತುರುಬು ಹಿಡಿದು ಗೋಡೆಗೆ ಬಡಿದ. ಮತ್ತೆ ಬಡಿದ. ಮಗಳು ಅರ್ಶಿಯಾ ಓಡಿ ಬಂದು ಅವನ ಕೈಗೆ ಜೋತುಬಿದ್ದಳು. ಅವಳನ್ನೂ ಒದ್ದ. ಆಮೇಲೆ ಇದ್ದಕ್ಕಿದ್ದಂತೆ ಕೈ ಬಿಟ್ಟು, ಹಿಟ್ಟಿನ ಪರಾತದ ಪಕ್ಕ ಕೂತು, ಹಸಿದವನಂತೆ ರೊಟ್ಟಿ ಮುರಿದು ತಿನ್ನತೊಡಗಿದ. ಹಾಜಿರಾಬೀಯ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಅದನ್ನು ನೋಡಿ, "ಏನಾಯ್ತು, ಬಿದ್ದಿಯೇನ?" ಎಂದು ಕೇಳಿದ.

ಬೀದರಿನ ಚಿದ್ರಿ ರಸ್ತೆಯಲ್ಲಿ ಖಾಸಿಂ ಅಲಿಯನ್ನು ಬಲ್ಲವರಿಗೆ ಈ ಸುದ್ದಿ ನಂಬಲು ಆಗಲಿಲ್ಲ. ಪಂಪ್‌ಸೆಟ್ಟು, ಜನರೇಟರು, ಔಷಧ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದ ಮನುಷ್ಯ ಅವನು. ಮನೆಯ ಅಂಗಳವೇ ವರ್ಕ್‌ಶಾಪು. ಗಿರಾಕಿ ಬೈದರೂ ತಲೆ ತಗ್ಗಿಸಿ ನಗುತ್ತಿದ್ದ. ಬಕ್ರೀದಿಗೆ ಕುರಿ ಕೊಯ್ಯುವಾಗ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಅರ್ಶಿಯಾ ಚಿಕ್ಕವಳಿದ್ದಾಗ ಒಂದು ಏಟೂ ತಿಂದವಳಲ್ಲ. ಅಂಥವನ ತಲೆಯೊಳಗೆ ಇಂಥದ್ದು ಬಂದು ಸೇರಿದ್ದು ಭಾಲ್ಕಿಯ ರಸ್ತೆಯ ಮೇಲೆ, ಒಂದು ಮಧ್ಯಾಹ್ನ.

ಭಾಲ್ಕಿಯಲ್ಲಿ ಒಬ್ಬ ಶ್ರೀಮಂತರ ತೋಟದ ಮನೆಯ ಶೆಡ್ಡಿನಲ್ಲಿ ಹಳೆಯ ಯಂತ್ರವೊಂದು ತುಕ್ಕು ಹಿಡಿಯುತ್ತಿತ್ತು. ಸಣ್ಣ ಟ್ರ್ಯಾಕ್ಟರಿನ ಹಾಗೆ ನಾಲ್ಕು ಚಕ್ರ, ಸ್ಟೇರಿಂಗು, ಸೀಟು. ಹೊಟ್ಟೆಯ ಕೆಳಗೆ ದೊಡ್ಡ ತಗಡಿನ ಮುಚ್ಚಳ, ಅದರೊಳಗೆ ಗರಗರ ತಿರುಗುವ ಅಲಗು. ಕೂತು ಓಡಿಸುತ್ತ ಹೋದರೆ ಹುಲ್ಲು ಸಮನಾಗಿ ಕತ್ತರಿಸುತ್ತದೆ. ಹೊರದೇಶದಿಂದ ತರಿಸಿದ್ದಂತೆ. ಎಂಜಿನ್ ಒಡೆದ ಮೇಲೆ ಯಾರೂ ಮುಟ್ಟಿರಲಿಲ್ಲ. ಖಾಸಿಂ ಅಲಿ ಅದನ್ನು ಕೇಳಿ ಪಡೆದ. ಬೇರೆ ಎಂಜಿನ್ ಕೂರಿಸಿದರೆ ಕಾಲೇಜು ಮೈದಾನಗಳ ಹುಲ್ಲು ಕತ್ತರಿಸುವ ಕೆಲಸ ಸಿಗುತ್ತದೆ ಎಂಬುದು ಅವನ ಆಸೆ. ಬೀದರಿಗೆ ಸಾಗಿಸಲು ಔರಾದ ತಾಲೂಕಿನ ಚಿಂತಾಕಿಯ ಹಾವಗೆಪ್ಪನ ಟೆಂಪೊ ಗೊತ್ತುಮಾಡಿದ. ಇಬ್ಬರಿಗೂ ಅವತ್ತೇ ಪರಿಚಯ.

ಶೆಡ್ಡಿನಿಂದ ಟೆಂಪೊ ಹಿಂದಕ್ಕೆ ಬರುವಾಗ ಹೊರಚಾಚಿದ್ದ ಯಂತ್ರದ ಮೂತಿ ರಸ್ತೆಯಲ್ಲಿ ನಿಂತಿದ್ದ ಮೋಟಾರ್ ಸೈಕಲ್ಲಿಗೆ ತಾಗಿ ಅದು ಉರುಳಿತು. ಪಕ್ಕದ ಚಹಾದಂಗಡಿಯಿಂದ ಕೆಲವರು ಎದ್ದು ಬಂದರು. ಕುಡಿದಿದ್ದರು. ಹಾವಗೆಪ್ಪನನ್ನು ಕಾಲರ್ ಹಿಡಿದು ಹೊರಗೆಳೆದು, ಹೊಟ್ಟೆಗೆ ಒದ್ದು, ನೆಲಕ್ಕೆ ಕೆಡವಿ ಮುಖ ತುಳಿಯತೊಡಗಿದರು. ಅವನ ಮುಂದಿನ ಹಲ್ಲುಗಳು ಮುರಿದು ಧೂಳಿನಲ್ಲಿ ಬಿದ್ದವು. ಖಾಸಿಂ ಅಲಿ ನಡುವೆ ಹೋಗಿ ಕೈ ಮುಗಿದ. "ಬಿಡ್ರಿ ಯಪ್ಪಾ, ಗಾಡಿ ನಾ ಸರಿ ಮಾಡಿ ಕೊಡ್ತೇನಿ, ನಾ ಮೆಕ್ಯಾನಿಕ್ ಇದ್ದೇನಿ" ಎಂದ. ಅವರಲ್ಲೊಬ್ಬ ಟೆಂಪೊದಲ್ಲಿ ಬಿಡಿಯಾಗಿ ಬಿದ್ದಿದ್ದ ಆ ಯಂತ್ರದ ಅಲಗನ್ನೇ ಕೈಗೆತ್ತಿಕೊಂಡ. ಮೊಂಡಾಗಿದ್ದ, ತೋಳುದ್ದದ ಕಬ್ಬಿಣದ ಪಟ್ಟಿ. ಹಾವಗೆಪ್ಪನ ತಲೆಗೆಂದು ಬೀಸಿದ್ದು ಬಾಗಿದ್ದ ಖಾಸಿಂ ಅಲಿಯ ಹಣೆಗೆ ಬಿತ್ತು. ಒಣಗಿದ ಕುಂಬಳಕಾಯಿ ಒಡೆದಂಥ ಸದ್ದು ಕೇಳಿಸಿತು ಎಂದು ಹಾವಗೆಪ್ಪ ಆಮೇಲೆ ಹೇಳಿದ್ದ. ರಕ್ತ ಸುರಿಯುವ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುರಿದ ಬಾಯಲ್ಲೇ ಕೂಗುತ್ತ, ಅವನೇ ಯಾರನ್ನೋ ಬೇಡಿಕೊಂಡು ಟೆಂಪೊ ಓಡಿಸಲು ಹಚ್ಚಿ ಆಸ್ಪತ್ರೆಗೆ ಸೇರಿಸಿದ. ಅಲ್ಲಿಂದ ಹೈದರಾಬಾದಿಗೆ ಹೋಗಬೇಕಾಯಿತು. ಪೊಲೀಸರಿಗೆ ಇಬ್ಬರು ಸಿಕ್ಕರು, ಅಲಗು ಬೀಸಿದವನು ಸಿಗಲಿಲ್ಲ. ಅಲಗು ಮಾತ್ರ ಸಾಕ್ಷಿಯಾಗಿ ಠಾಣೆ ಸೇರಿತು.

ಪ್ರಾಣ ಉಳಿಯಿತು. ಹೊಲಿಗೆ ಬಿಚ್ಚಿದರು. ಮನೆಗೆ ಬಂದ. ಬಲಗೈ ನಡುಗುತ್ತಿತ್ತು, ಎಷ್ಟೋ ಶಬ್ದಗಳು ನಾಲಿಗೆಗೆ ಸಿಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನದು ಈ ಸಿಟ್ಟು. ಡಾಕ್ಟರು ಹಾಜಿರಾಬೀಗೆ ತಿಳಿಯುವ ಹಾಗೆ ಹೇಳಿದ್ದರು: ಮನುಷ್ಯನಿಗೆ ಸಿಟ್ಟು ಬಂದಾಗ ಅದನ್ನು ಹಿಡಿದು ನಿಲ್ಲಿಸುವ ಜಾಗ ಹಣೆಯ ಹಿಂದೆ ಇರುತ್ತದೆ, ನಿಮ್ಮವರಿಗೆ ಏಟು ಬಿದ್ದದ್ದು ಅಲ್ಲೇ. ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ದಿನ ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ನುಂಗದ ದಿನ ಯಾವುದಾದರೂ ಒಂದು ವಸ್ತು ಒಡೆಯುತ್ತಿತ್ತು. ಪಾತ್ರೆಯ ಸದ್ದು, ಕುಕ್ಕರಿನ ಸೀಟಿ, ಮಕ್ಕಳ ಕೂಗು ಏನಾದರೂ ಸಾಕು. ಕನ್ನಡಿ ಹೋಯಿತು. ಟಿವಿ ಹೋಯಿತು. ಹಾಜಿರಾಬೀಯ ಭುಜದ ಎಲುಬು ಬಿರುಕು ಬಿಟ್ಟಿತು. ಆಸ್ಪತ್ರೆಯಲ್ಲಿ ಕೇಳಿದರೆ ಬಚ್ಚಲಲ್ಲಿ ಜಾರಿದೆ ಅನ್ನುತ್ತಿದ್ದಳು.

ಅವಳ ತಮ್ಮ ಮುಬಶ್ಶೀರನಿಗೆ ಇದು ತಡೆಯಲಿಲ್ಲ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದವನು ಅಕ್ಕನ ಕೈ ಜೋಳಿಗೆಯಲ್ಲಿ ನೇತಾಡುವುದನ್ನು ಕಂಡ. ಅಂಗಳದಲ್ಲಿದ್ದ ಪೈಪಿನ ತುಂಡು ಎತ್ತಿಕೊಂಡು ಭಾವನ ಬೆನ್ನಿಗೆ, ತೊಡೆಗೆ, ಮೊಣಕಾಲಿಗೆ ಹೊಡೆದ.

"ಹೊಡತ ಅಂದ್ರ ಹ್ಯಾಂಗ ಇರ್ತದ ನೋಡ್ರಿ ದುಲ್ಹಾಭಾಯ್. ನೋಡ್ರಿ."

ಖಾಸಿಂ ಅಲಿ ಮೊದಲು ತಿರುಗಿ ಬಿದ್ದ. ಮೈದುನನ ಕಿವಿ ಕಚ್ಚಿ ಹಿಡಿದ. ಇಬ್ಬರೂ ಎಣ್ಣೆ ಕುಡಿದ ಮಣ್ಣಿನಲ್ಲಿ ಹೊರಳಾಡಿದರು. ಕೊನೆಗೆ ಮುಬಶ್ಶೀರ ಭಾವನ ಎದೆಯ ಮೇಲೆ ಕೂತು ಪೈಪು ಎತ್ತಿದಾಗ ಹಾಜಿರಾಬೀ ಒಂದೇ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

"ಮಗ್ಗಲಿಗಿ ಸರಿ. ಇನ್ನೊಂದು ಏಟು ಬಿದ್ರ ಇವ್ರು ಸಾಯ್ತಾರ."

"ಸಾಯಲಿ ಆಪಾ. ನೀ ಸಾಯೋದಕ್ಕಿಂತ ಛಲೋ ಅದ."

"ಇವ್ರಿಗಿ ಹೊಡೆದವ್ನಿಗಿ ಹೋಗಿ ಹೊಡಿ. ಸಿಕ್ರ ನಂಗೂ ಕರಿ."

ಮುಬಶ್ಶೀರ ರಕ್ತ ಸೋರುವ ಕಿವಿಗೆ ಕರವಸ್ತ್ರ ಒತ್ತಿಕೊಂಡು ಹೊರಟುಹೋದ. ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಬರುತ್ತಿದ್ದವನು ಹಾವಗೆಪ್ಪ ಒಬ್ಬನೇ. ಬೀದರಿಗೆ ಬಾಡಿಗೆ ಸಿಕ್ಕಾಗಲೆಲ್ಲ ಚಿದ್ರಿ ರಸ್ತೆಗೆ ಟೆಂಪೊ ತಿರುಗಿಸುತ್ತಿದ್ದ. ಹೊಲದ ಹೆಸರುಬೇಳೆ, ಹಸಿ ಕಡಲೆಗಿಡ, ಒಮ್ಮೊಮ್ಮೆ ಬರೀ ಕೈ. ಮುಂದಿನ ಹಲ್ಲುಗಳಿಲ್ಲದ ಬಾಯಲ್ಲಿ ಮಾತು ತೊದಲುತ್ತಿತ್ತು. ಅಂಗಳದ ಮೂಲೆಯಲ್ಲಿ ತಾಡಪತ್ರಿ ಹೊದ್ದು ಆ ಯಂತ್ರ ಇನ್ನೂ ಬಿದ್ದಿತ್ತು. ಅದನ್ನು ಬೀದರಿಗೆ ತಂದು ಇಳಿಸಿದವನೂ ಅವನೇ.

"ಭಾಬಿ, ಈ ಹಾಳು ಮಷಿನ್ ಗುಜರಿಗಿ ಹಾಕಿ ಬರ್ತೇನ್ರಿ. ಕಣ್ಣ ಮುಂದ ಯಾಕ ಬೇಕು."

ಹಾಜಿರಾಬೀಗೂ ಅದೇ ಮನಸ್ಸು. ಅವಳ ಲೆಕ್ಕದಲ್ಲಿ ಗಂಡನನ್ನು ನುಂಗಿದ್ದು ಆ ಯಂತ್ರ. ಹೂಂ ಅಂದಳು. ಹಾವಗೆಪ್ಪ ತಾಡಪತ್ರಿ ಸರಿಸಿದ. ಕಟ್ಟೆಯ ಮೇಲೆ ಕೂತಿದ್ದ ಖಾಸಿಂ ಅಲಿ ಯಂತ್ರವನ್ನು ನೋಡಿದ. ಎದ್ದ. ಗೋಡೆಗೆ ಒರಗಿಸಿದ್ದ ಘನ ಎತ್ತಿಕೊಂಡ.

ಅದೊಂದು ದೊಡ್ಡ ಸುತ್ತಿಗೆ, ಗಟ್ಟಿ ಆಳಿಗೂ ಎರಡು ಕೈ ಬೇಕು. ಅವನು ಯಂತ್ರದ ಬಾನೆಟ್ಟಿನ ಮೇಲೆ ಅದನ್ನು ಇಳಿಸಿದ ಸದ್ದಿಗೆ ಮನೆ ಮೇಲಿನ ಪಾರಿವಾಳಗಳು ಎದ್ದವು. ಮತ್ತೊಂದು, ಇನ್ನೊಂದು. ದೀಪ ಚೂರಾಯಿತು, ಸ್ಟೇರಿಂಗ್ ಚಕ್ರ ಬಾಗಿತು, ತಗಡು ಹರಿದು ಅಂಚು ಮೇಲಕ್ಕೆದ್ದಿತು. ಅವನ ಬಾಯಿಂದ ಮಾತಲ್ಲ, ದನ ಕೂಗಿದಂಥ ಸ್ವರ. ಹಾವಗೆಪ್ಪ ಹಿಡಿಯಲು ಹೋದ.

"ಬಿಡ್ರಿ ಭಾಯ್" ಎಂದಳು ಹಾಜಿರಾಬೀ. "ಕಬ್ಬಣ ಇದ್ದದ್ದು ಅದು. ಅದರ ಎಲುಬು ಮುರಿಯಲಿ."

ಅಂಗೈ ಚರ್ಮ ಕಿತ್ತು ಹಿಡಿಕೆ ಕೆಂಪಾಗುವ ತನಕ ಹೊಡೆದ. ಬಾನೆಟ್ಟು ಕಿತ್ತು ದೂರ ಹಾರಿತು. ಆಗ ಒಳಗಿನ ಎಂಜಿನ್ ಕಾಣಿಸಿತು. ಘನ ಎತ್ತಿದವನು ಎತ್ತಿದ ಹಾಗೇ ನಿಂತ. ಆಮೇಲೆ ಅದನ್ನು ಕೆಳಗಿಟ್ಟು ಬಗ್ಗಿ ನೋಡಿದ. ಎಂಜಿನ್ನಿನ ಪಕ್ಕೆಯಲ್ಲಿ ಒಂದು ತೂತು. ಓಡುತ್ತಿದ್ದಾಗಲೇ ಒಳಗಿನ ರಾಡು ಮುರಿದು, ಗೋಡೆ ಸೀಳಿಕೊಂಡು ಹೊರಗೆ ಬಂದಿತ್ತು. ಅವನು ಆ ತೂತಿನೊಳಗೆ ಬೆರಳು ಹಾಕಿ ಅಂಚು ಸವರಿದ.

"ಎಣ್ಣಿ ಹಾಕಿಲ್ಲ ಬದ್ಮಾಶರು" ಎಂದ.

ಆಸ್ಪತ್ರೆಯಿಂದ ಬಂದ ಮೇಲೆ ಯಂತ್ರದ ಬಗ್ಗೆ ಅವನಾಡಿದ ಮೊದಲ ಮಾತು ಅದು, ಅದೂ ತಡವರಿಸದೆ. ಹಾಜಿರಾಬೀ ಹಾವಗೆಪ್ಪನ ಮುಖ ನೋಡಿದಳು. ಯಂತ್ರ ಗುಜರಿಗೆ ಹೋಗಲಿಲ್ಲ.

ಹೀಗೆ ಕೆಲಸ ಸುರುವಾಯಿತು ಎಂದರೆ ಸಲೀಸಾಗಿ ಸುರುವಾಯಿತು ಎಂದಲ್ಲ. ಹಳೆಯ ಎಂಜಿನ್ ಇಳಿಸುವಾಗ ಬೋಲ್ಟು ಬಿಡಲಿಲ್ಲವೆಂದು ಅದನ್ನು ತಿರುಗಿಸುವ ಪಾನಾ ಬೀಸಿ ಒಗೆದ. ಅದು ಅರ್ಶಿಯಾಳ ಕಿವಿಯ ಪಕ್ಕದಿಂದ ಹಾದು ಬಾಗಿಲ ಗಾಜು ಒಡೆಯಿತು. ಹೆಚ್ಚಿನ ಸಿಟ್ಟೆಲ್ಲ ಹೆಸರುಗಳಿಗಾಗಿ ಬರುತ್ತಿತ್ತು. ಬೇಕಾದದ್ದು ಪುಲ್ಲಿ ಇದ್ದರೆ ಬಾಯಿಗೆ ಬರುವುದು "ರೊಟ್ಟಿ". ಬೆಲ್ಟ್ ಬೇಕಾದರೆ "ಹಾವು". ಅರ್ಶಿಯಾ ತಪ್ಪಾದದ್ದು ಕೊಟ್ಟರೆ ಅದನ್ನೇ ತಿರುಗಿ ಅವಳತ್ತ ಎಸೆಯುತ್ತಿದ್ದ. ಅವಳು ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕಲಿತವಳು, ಅಪ್ಪನಷ್ಟೇ ಹಟದವಳು. ಒಂದು ದೊಡ್ಡ ಪರಾತದಲ್ಲಿ ಎಲ್ಲ ಸಾಮಾನು ಹರಡಿ ಅವನ ಮುಂದಿಟ್ಟಳು.

"ಹೆಸರು ಹೇಳಬ್ಯಾಡ್ರಿ ಅಬ್ಬಾ. ಬೇಕಾದ್ದು ಎತ್ಕೋರಿ."

ಅಂದಿನಿಂದ ಎಸೆಯುವುದು ಕಡಿಮೆಯಾಯಿತು. ಮನೆಯವರ ದಖನಿ ಉರ್ದುವಿನಲ್ಲೂ ಹಾವಗೆಪ್ಪನ ಕನ್ನಡದಲ್ಲೂ ಸಿಗದ ಮಾತು ಕೈಗೆ ಸಿಗುತ್ತಿತ್ತು. ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಟ್ಟು ತಿರುಗಿಸುತ್ತಿದ್ದ. ತಾನೇ ಜಜ್ಜಿದ ತಗಡನ್ನು ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಬಡಿದು ಮಟ್ಟ ಮಾಡಿದ. ಅದಕ್ಕೇ ದಿನಗಟ್ಟಲೆ ಹಿಡಿಯಿತು. ಆ ದಿನಗಳಲ್ಲಿ ಮನೆಯೊಳಗೆ ಏನೂ ಒಡೆಯಲಿಲ್ಲ ಎಂಬುದನ್ನು ಹಾಜಿರಾಬೀ ಗಮನಿಸಿದಳು. ಗಮನಿಸಿದ್ದನ್ನು ಯಾರಿಗೂ ಹೇಳಲಿಲ್ಲ, ದೃಷ್ಟಿ ತಾಗೀತೆಂದು.

ಎಂಜಿನ್ ಹಾವಗೆಪ್ಪ ಹುಡುಕಿದ. ಕಮಲನಗರದ ಸಂತೆಯ ಹಿಂದೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಕಳೆ ತೆಗೆಯುವ ಯಂತ್ರದ ಪೆಟ್ರೋಲ್ ಎಂಜಿನ್ ಸಿಕ್ಕಿತು. ಅಂಗಡಿಯವನ ಮರಾಠಿಗೆ ಇವನ ಕನ್ನಡ, ಮಾತು ಹೇಗೋ ಕುದುರಿತು. ಒಂದೇ ತೊಂದರೆ. ಹಳೆಯ ಎಂಜಿನ್ನಿನ ಶಾಫ್ಟು ನೆಲಕ್ಕೆ ಮುಖಮಾಡಿ ಕೆಳಗಿಳಿಯುತ್ತಿತ್ತು, ಅದರ ಪುಲ್ಲಿಗೆ ಬೆಲ್ಟುಗಳು ಮಲಗಿಕೊಂಡು ತಿರುಗುತ್ತಿದ್ದವು. ಈ ಹೊಸದರ ಶಾಫ್ಟು ಪಕ್ಕಕ್ಕೆ ಚಾಚಿತ್ತು. ನಡುವೆ ತಿರುವು ಕೊಡಲು ಒಂದು ಬೆವೆಲ್ ಗೇರ್‌ಬಾಕ್ಸು ಬೇಕು. ಅದೂ ಆ ಗುಜರಿಯಲ್ಲೇ ದೊರೆಯಿತು, ಮೇಲಕ್ಕೂ ಕೆಳಕ್ಕೂ ಎರಡೂ ಕಡೆ ಶಾಫ್ಟಿನ ತುದಿ ಹೊರಬಂದದ್ದು. ಚೌಕಟ್ಟಿಗೆ ದಪ್ಪ ಪಟ್ಟಿ ಬೆಸುಗೆ ಹಾಕಿಸಿ ಎಂಜಿನ್ನನ್ನೂ ಪೆಟ್ಟಿಗೆಯನ್ನೂ ಕೂರಿಸಿದರು. ಠಾಣೆ ಸೇರಿದ ಅಲಗಿನ ಬದಲು ಹೊಸದೊಂದನ್ನು ಕಮ್ಮಾರನಿಂದ ಮಾಡಿಸಿದ್ದಾಯಿತು. ಅದನ್ನು ಹಾಜಿರಾಬೀ ಗೋಣಿಯಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಳು. ಮೊದಲು ಗಾಡಿ ನಡೆಯಲಿ, ಆಮೇಲೆ ಅಲಗು ಎಂದಳು.

ಪರೀಕ್ಷೆಯ ದಿನ ಖಾಸಿಂ ಅಲಿ ಸ್ನಾನ ಮಾಡಿ ತೊಳೆದ ಅಂಗಿ ತೊಟ್ಟ. ಚಾಲೂ ಮಾಡುವ ಹಗ್ಗ ಜಗ್ಗಿದರೆ ಎಂಜಿನ್ ತಿರುಗಿ ಒದ್ದು ಅವನ ಬೆರಳು ಜಜ್ಜಿತು. ಬಾಯಿಯಲ್ಲಿ ಬೆರಳಿಟ್ಟುಕೊಂಡು ಮತ್ತೆ ಜಗ್ಗಿದ. ಹತ್ತಿತು. ಅಂಗಳ ತುಂಬ ಹೊಗೆ. ಅವನು ಸೀಟಿನಲ್ಲಿ ಕೂತ. ಹಾವಗೆಪ್ಪ ಹಿಂದೆ, ನೀರಿನ ಹೌದಿನ ಗೋಡೆಗೆ ಆತು ನಿಂತಿದ್ದ, ಯಂತ್ರ ಮುಂದೆ ಹೋಗುವುದನ್ನು ನೋಡಲು.

ಮುಂದಿನ ಗೇರು ಬಿತ್ತು. ಯಂತ್ರ ಹಿಂದಕ್ಕೆ ನೆಗೆಯಿತು.

ಖಾಸಿಂ ಅಲಿ ಗಾಬರಿಗೊಂಡು ಎಕ್ಸಲರೇಟರ್ ಇನ್ನೂ ಎಳೆದ. ಹಿಂದಿನ ಚಕ್ರ ಹಾವಗೆಪ್ಪನ ಮೊಣಕಾಲನ್ನು ಹೌದಿನ ಗೋಡೆಗೆ ಒತ್ತಿ ಹಿಡಿಯಿತು. ಚಕ್ರ ಅಲ್ಲೇ ತಿರುಗುತ್ತ ಅವನ ಪೈಜಾಮ ಹರಿಯಿತು, ಆಮೇಲೆ ಚರ್ಮ. ಹಾವಗೆಪ್ಪ ಕಿರುಚಿದ. ಅರ್ಶಿಯಾ ಹಾರಿ ಪ್ಲಗ್ಗಿನ ವಾಯರು ಕಿತ್ತಳು, ಷಾಕು ಹೊಡೆದು ಅವಳ ಕೈ ಹಿಂದಕ್ಕೆ ಹಾರಿತು. ಎಂಜಿನ್ ನಿಂತಿತು. ಆದರೆ ಆ ಕಿರುಚಾಟ ಖಾಸಿಂ ಅಲಿಯ ತಲೆಯೊಳಗೆ ಹೋಗಿ ಬಿಟ್ಟಿತ್ತು. ಅವನು ಇಳಿದ. ನೆಲದ ಮೇಲಿದ್ದ ಹಳೆಯ ಬೆಲ್ಟನ್ನು ಎತ್ತಿಕೊಂಡು, ಚಕ್ರಕ್ಕೂ ಗೋಡೆಗೂ ನಡುವೆ ಸಿಕ್ಕಿಬಿದ್ದವನ ಮುಖಕ್ಕೇ ಬೀಸತೊಡಗಿದ.

ಹಾವಗೆಪ್ಪನಿಗೆ ಕಾಲು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಕೈಗಳು ಮುಕ್ತವಾಗಿದ್ದವು. ಅವನು ಗಟ್ಟಿ ಆಳು, ಮನಸ್ಸು ಮಾಡಿದ್ದರೆ ಖಾಸಿಂ ಅಲಿಯ ಕತ್ತು ಹಿಡಿದು ಕೆಡವಬಹುದಿತ್ತು. ಕಣ್ಣಿಗೆ ಅಡ್ಡವಾಗಿ ಒಂದು ತೋಳು ಇಟ್ಟುಕೊಂಡ, ಅಷ್ಟೇ. ಬೆಲ್ಟು ಕೆನ್ನೆ ಸೀಳಿತು, ಕತ್ತಿನ ಮೇಲೆ ಬರೆ ಎಬ್ಬಿಸಿತು.

"ಹೊಡಿರಿ ಖಾಸಿಂ ಭಾಯ್" ಎನ್ನುತ್ತಿದ್ದ, ತೊದಲುತ್ತ. "ಭಾಲ್ಕ್ಯಾಗ ನನಗ ಬೀಳಬೇಕಾದ ಏಟು ನಿಮಗ ಬಿತ್ತು. ಹೊಡಿರಿ."

ಆ ಮಾತು ಕೇಳಿ ಹಾಜಿರಾಬೀಯೊಳಗೆ ಏನು ಕಡಿಯಿತೋ ಅವಳಿಗೂ ಗೊತ್ತಿಲ್ಲ. ಗಂಡನ ಕೈಯಿಂದ ಬೆಲ್ಟು ಕಿತ್ತುಕೊಂಡಳು. ಅವನಿಗೇ ಹೊಡೆದಳು. ಎದೆಗೆ, ತೋಳಿಗೆ, ಅವನು ಬೆನ್ನು ತಿರುಗಿಸಿದಾಗ ಬೆನ್ನಿಗೆ. ಎಷ್ಟು ಹೊತ್ತು ಎಂದು ಹೇಳಲಾರಳು. ಅವನು ಮಂಡಿಯೂರಿದ ಮೇಲೂ ಹೊಡೆದಳು. ತನ್ನ ಹುಬ್ಬಿನ ಗಾಯಕ್ಕಾಗಿ, ಭುಜದ ಎಲುಬಿಗಾಗಿ, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳುಗಳಿಗಾಗಿ. "ಹೊಡೆಯೋದು ಸುಖ ಇರ್ತದ ನೋಡ್ರಿ" ಎಂದು ಎಷ್ಟೋ ಕಾಲದ ಮೇಲೆ ಅವಳು, ಅವರ ಕಥೆ ಕೇಳಲು ಹೋಗಿದ್ದ ನನ್ನ ಮುಂದೆ ಹೇಳಿದಳು. "ಅದಕ್ಕೇ ನಂಗ ಅಂಜಿಕಿ ಬಂತು. ಇವ್ರ ತಲಿ ಒಡೆದದ, ನಂದು ಒಡೆದಿಲ್ಲ. ನಂಗ ಯಾಕ ಸುಖ ಆಯ್ತು?"

ಅರ್ಶಿಯಾ ಹಿಂದಿನಿಂದ ಅಪ್ಪಿ ಹಿಡಿದಾಗ ಕೈ ನಿಂತಿತು. ಅಮ್ಮ ಮಗಳು ಸೇರಿ ಯಂತ್ರ ತಳ್ಳಿ ಹಾವಗೆಪ್ಪನ ಕಾಲು ಬಿಡಿಸಿದರು. ಎಲುಬು ಕಾಣುತ್ತಿತ್ತು, ಆದರೆ ಮುರಿದಿರಲಿಲ್ಲ. ಹಾಜಿರಾಬೀ ತನ್ನ ದುಪಟ್ಟಾ ಹರಿದು ಬಿಗಿದು ಕಟ್ಟಿದಳು. ಖಾಸಿಂ ಅಲಿ ಮಣ್ಣಿನಲ್ಲಿ ಕೂತು ಆ ಕಟ್ಟು ಕೆಂಪಾಗುವುದನ್ನು ನೋಡಿದ. ತಾನು ಮಾಡಿದ್ದು ಅವನಿಗೆ ಈ ಸಲ ಮರೆತಿರಲಿಲ್ಲ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಎದ್ದು ಹೋಗಿ ಯಂತ್ರದ ಚೌಕಟ್ಟಿಗೆ ಹಣೆ ಬಡಿಯಲು ಸುರುಮಾಡಿದ, ಆಪರೇಶನ್ ಆದ ಜಾಗವನ್ನೇ. ಕುಂಟುತ್ತ ಹೋಗಿ ಅವನ ತಲೆಗೂ ಕಬ್ಬಿಣಕ್ಕೂ ನಡುವೆ ಅಂಗೈ ಇಟ್ಟವನು ಹಾವಗೆಪ್ಪ. ಆ ಅಂಗೈಗೂ ಎರಡು ಏಟು ಬಿತ್ತು.

ಸಂಜೆಗೆ ಮುಂಚೆ ಅಮ್ಮ ಮಗಳು ಹಾವಗೆಪ್ಪನ ಕಾಲಿಗೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದಾಗ ಖಾಸಿಂ ಅಲಿ ಅದೇ ಜಾಗದಲ್ಲಿ ಕೂತಿದ್ದ. ಒಂದು ಮುಷ್ಟಿಯನ್ನು ಎದೆಯ ಮುಂದೆ ತಿರುಗಿಸುತ್ತಿದ್ದ, ಇನ್ನೊಂದು ಕೈಯನ್ನು ಅಂಗಾತ ಮಾಡುವುದು, ಬೋರಲು ಮಾಡುವುದು. ಹಾಜಿರಾಬೀಗೆ ಮತ್ತೆ ತಲೆ ಕೆಟ್ಟಿತೆಂದೇ ಅನ್ನಿಸಿತು. ಅರ್ಶಿಯಾ ನೋಡುತ್ತ ನಿಂತಳು.

"ಗೇರ್‌ಬಾಕ್ಸ್ ಉಲ್ಟಾ ಮಾಡಬೇಕೇನ್ ಅಬ್ಬಾ?"

ಅವನು ತಲೆಯಾಡಿಸಿದ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೂರಿಸಿದರೆ ಮೇಲಿದ್ದ ಶಾಫ್ಟಿನ ತುದಿ ಕೆಳಗೆ ಬರುತ್ತದೆ, ತಿರುಗುವ ದಿಕ್ಕು ಬದಲಾಗುತ್ತದೆ. ಅಷ್ಟು ಸಣ್ಣ ತಪ್ಪಿಗೆ ಒಬ್ಬನ ಕಾಲು ಹರಿದಿತ್ತು.

ಅರ್ಶಿಯಾ ಅಷ್ಟಕ್ಕೇ ಬಿಡಲಿಲ್ಲ. ಆ ಯಂತ್ರದ ಸೀಟಿನ ಕೆಳಗೆ ಮೊದಲು ಒಂದು ಸ್ವಿಚ್ಚು ಇತ್ತು. ಕೂತವರು ಎದ್ದರೆ ಎಂಜಿನ್ ತಾನಾಗಿ ನಿಲ್ಲಬೇಕು, ಅದಕ್ಕಾಗಿ. ವಾಯರು ಇಲಿ ಕಡಿದು ಹೋಗಿದ್ದವು. ಅವಳು ಹೊಸ ಸ್ವಿಚ್ಚು ಹಾಕಿ ವಾಯರನ್ನು ಎಂಜಿನ್ನಿಗೆ ಜೋಡಿಸಿದಳು. ಖಾಸಿಂ ಅಲಿ ಅದನ್ನು ಕಿತ್ತು ಹಾಕಿದ, ಗುಂಡಿಯಲ್ಲಿ ಗಾಡಿ ಹಾರಿದಾಗಲೂ ನಿಲ್ಲುತ್ತದೆ ಎಂದು. ಅವಳು ಮತ್ತೆ ಹಾಕಿದಳು. ಅವನು ಕೈ ಎತ್ತಿದ. ಅವಳು ಸರಿಯಲಿಲ್ಲ.

"ಹೊಡಿರಿ. ಆದ್ರ ಸ್ವಿಚ್ ಇರ್ತದ."

ಎತ್ತಿದ ಕೈ ಅವಳ ಮೇಲೆ ಬೀಳಲಿಲ್ಲ. ಪಕ್ಕದ ಡಬ್ಬಿಗೆ ಬಿತ್ತು. ಸ್ವಿಚ್ಚು ಉಳಿಯಿತು.

ಮಳೆಗಾಲ ಕಳೆದು ಮೈದಾನಗಳಲ್ಲಿ ಹುಲ್ಲು ಸೊಂಟಕ್ಕೆ ಬಂದಿತ್ತು. ಔರಾದದಲ್ಲಿ ಒಂದು ಖಾಸಗಿ ಕಾಲೇಜಿನ ಮೈದಾನದ ಕೆಲಸವನ್ನು ಹಾವಗೆಪ್ಪ ಮಾತಾಡಿ ಇಟ್ಟಿದ್ದ. ಅಲ್ಲಿನ ಆಟದ ಮಾಸ್ತರ ಗೋರಖನಾಥ. ಅಲಗು ಕೂರಿಸಿ ಯಂತ್ರವನ್ನು ಟೆಂಪೊಗೆ ಹೇರಿ, ಗಂಡ ಹೆಂಡತಿ ಮುಂದೆ ಕೂತು ಹೋದರು. ಹಾಜಿರಾಬೀ ದಾರಿಯುದ್ದಕ್ಕೂ ಅವನ ಕೈ ಹಿಡಿದುಕೊಂಡಿದ್ದಳು, ಪ್ರೀತಿಗಲ್ಲ, ಕಾವಲಿಗೆ.

ಯಂತ್ರ ಚೆನ್ನಾಗಿ ನಡೆಯಿತು. ಅಲಗಿನ ಸದ್ದು ದೊಡ್ಡದು, ಆದರೆ ಒಂದೇ ಸಮನೆ ಇರುವ ಆ ಸದ್ದು ಅವನನ್ನು ಕೆಣಕುತ್ತಿರಲಿಲ್ಲ. ಹುಲ್ಲು ಒಂದು ಪಕ್ಕಕ್ಕೆ ಚಿಮ್ಮುತ್ತ ಹೋಯಿತು. ಮೈದಾನದ ಅರ್ಧ ಮುಗಿದಿತ್ತು. ಆಗ ಮಾಸ್ತರು ಕೆಳಗಿನ ಮೂಲೆಯಲ್ಲಿ ಕಲ್ಲು ಹೂತಿರುವುದು ನೆನಪಾಗಿ, ಕೂಗಿದರೆ ಕೇಳಿಸದೆಂದು, ಹಿಂದಿನಿಂದ ಬಂದು ಸೀಟಿ ಊದಿದರು.

ಖಾಸಿಂ ಅಲಿ ಯಂತ್ರವನ್ನು ಅವರ ಮೇಲೆ ತಿರುಗಿಸಿದ.

ಮಾಸ್ತರು ಹಿಂದೆ ಸರಿಯುತ್ತ ಎಡವಿ ಬಿದ್ದರು. ಅಲಗಿನ ಮುಚ್ಚಳದ ಅಂಚು ಅವರ ಬೂಟಿನ ತುದಿಯನ್ನು ನೆಲಕ್ಕೆ ಅದುಮಿತು. ಒಳಗೆ ಅಲಗು ತಿರುಗುತ್ತಿತ್ತು. ಅಷ್ಟು ಸಾಲದೆಂಬಂತೆ ಖಾಸಿಂ ಅಲಿ ಪಾನಾ ಎತ್ತಿಕೊಂಡು ಹೊಡೆಯಲು ಸೀಟಿನಿಂದ ಎದ್ದು ನಿಂತ. ಎದ್ದ ಕ್ಷಣ ಎಂಜಿನ್ ಸತ್ತಿತು. ಗಾಡಿ ನಿಂತಿತು, ಅಲಗು ಒಂದೆರಡು ಸುತ್ತು ಹಾಕಿ ಸುಮ್ಮನಾಯಿತು. ಮೈದಾನದಲ್ಲಿ ಏಕಾಏಕಿ ಸದ್ದಿಲ್ಲ. ಪಾನಾ ಎತ್ತಿದವನು ಎತ್ತಿಯೇ ನಿಂತ, ಯಾಕೆ ಎತ್ತಿದೆನೆಂದು ತಿಳಿಯದವನ ಹಾಗೆ.

ಗೋರಖನಾಥ ಮಾಸ್ತರು ಬೂಟಿನಿಂದ ಕಾಲು ಕಿತ್ತುಕೊಂಡು ಎದ್ದರು. ಬೆರಳು ಮುರಿದಿತ್ತು. ಹೆದರಿಕೆಯೂ ನೋವೂ ಸೇರಿ, ಹತ್ತಿರದಲ್ಲಿ ಬಿದ್ದಿದ್ದ ಕ್ರಿಕೆಟ್ಟಿನ ಸ್ಟಂಪು ಎತ್ತಿಕೊಂಡರು. ಖಾಸಿಂ ಅಲಿಯ ಬಾಯಿಗೆ ಹೊಡೆದರು. ತುಟಿ ಒಡೆದು ರಕ್ತ ಗಡ್ಡಕ್ಕೆ ಇಳಿಯಿತು. ಇನ್ನೊಮ್ಮೆ ಹೊಡೆದರು. ಹಾವಗೆಪ್ಪ ಹೊಲಿಗೆಯ ಕಾಲೆಳೆಯುತ್ತ ಓಡಿ ಬರುತ್ತಿದ್ದ, ಹಾಜಿರಾಬೀ ಅವನ ಹಿಂದೆ. ಖಾಸಿಂ ಅಲಿ ಪಾನಾ ಕೆಳಗೆ ಬಿಟ್ಟ.

"ತಪ್ಪಾಯ್ತ್ರಿ ಸರ್" ಎಂದ. "ತಲಿ... ತಲಿ ನನ್ನ ಮಾತು ಕೇಳಲ್ಲ."

ಯಾರೂ ಹೇಳಿಕೊಡದೆ, ಹೇಳಿಸದೆ ಅವನು ಕೇಳಿದ ಮೊದಲ ಕ್ಷಮೆ ಅದು. ಹಾವಗೆಪ್ಪ ಉಸಿರು ಬಿಡುತ್ತ ಮಾಸ್ತರಿಗೆ ಭಾಲ್ಕಿಯ ಕಥೆ ಹೇಳಿದ. ತನ್ನ ಬೋಳು ಒಸಡು ತೋರಿಸಿದ, ಖಾಸಿಂ ಅಲಿಯ ಟೋಪಿ ತೆಗೆದು ಹಣೆಯ ಹಳ್ಳ ತೋರಿಸಿದ. ಮಾಸ್ತರು ಹುಲ್ಲಿನ ಮೇಲೆ ಕೂತು ಕಾಲು ಹಿಡಿದುಕೊಂಡು ಕೇಳಿದರು.

"ಪೊಲೀಸರಿಗಿ ಹೇಳಿದ್ರ ಇವ್ರಿಗಿ ಒಳಗ ಹಾಕ್ತಾರ" ಎಂದರು ಕೊನೆಗೆ.

"ಹೌದ್ರಿ" ಎಂದಳು ಹಾಜಿರಾಬೀ. ಬೇಡಿಕೊಳ್ಳಲಿಲ್ಲ.

ಮಾಸ್ತರು ಅರ್ಧ ಕತ್ತರಿಸಿದ ಮೈದಾನ ನೋಡಿದರು. "ಅರ್ಧಕ್ಕ ಬಿಟ್ಟು ಹೋಗಬ್ಯಾಡ್ರಿ. ಉಳಿದದ್ದು ಮುಗಿಸ್ರಿ. ನಾ ಗೇಟಿನ ಹೊರಗ ಕೂಡ್ತೇನಿ."

ತುಟಿಗೆ ಬಟ್ಟೆ ಕಟ್ಟಿಕೊಂಡು ಖಾಸಿಂ ಅಲಿ ಉಳಿದದ್ದನ್ನು ಮುಗಿಸಿದ. ಕೆಳಗಿನ ಮೂಲೆಯ ಕಲ್ಲಿನ ಬಳಿ ಹಾವಗೆಪ್ಪ ಕಂಬದಂತೆ ನಿಂತಿದ್ದ, ಅಲ್ಲಿಗೆ ಗಾಡಿ ಬರದ ಹಾಗೆ.

ಇದಾಗಿ ಎರಡು ಮಳೆಗಾಲ ಕಳೆದಿವೆ. ಈಗ ಔರಾದ, ಭಾಲ್ಕಿ, ಬೀದರಿನ ಕೆಲವು ಮೈದಾನಗಳಲ್ಲಿ ಖಾಸಿಂ ಅಲಿಯ ಹುಲ್ಲು ಮಷಿನ್ ಓಡುತ್ತದೆ. ಓಡಿಸುವಾಗ ಮೈದಾನದಲ್ಲಿ ಬೇರೆ ಯಾರೂ ಇರಬಾರದೆಂಬುದು ಹಾಜಿರಾಬೀ ಮಾಡಿದ ನಿಯಮ. ಅವಳು ಗೇಟಿನಲ್ಲಿ ಕೂತಿರುತ್ತಾಳೆ. ಮುಬಶ್ಶೀರ ಮತ್ತೆ ಬರತೊಡಗಿದ್ದಾನೆ. ಭಾವನಿಗೆ ಸಲಾಮು ಹೇಳುತ್ತಾನೆ, ಆದರೆ ಒಂದು ಕೈ ಕಿವಿಯ ಮೇಲೆಯೇ ಇರುತ್ತದೆ. ಅಲಗು ಬೀಸಿದವನು ಇನ್ನೂ ಸಿಕ್ಕಿಲ್ಲ. ಭಾಲ್ಕಿಗೆ ಹೋದಾಗಲೆಲ್ಲ ಹಾಜಿರಾಬೀ ಚಹಾದಂಗಡಿಗಳಲ್ಲಿ ಕೂತ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋಗುತ್ತಾಳೆ. ಸಿಕ್ಕರೆ ಏನು ಮಾಡುತ್ತೀರಿ ಎಂದು ನಾನು ಕೇಳಿದ್ದೆ. "ಗೊತ್ತಿಲ್ರಿ" ಎಂದಳು. "ಅದಕ್ಕೇ ಸಿಗಬಾರದು ಅಂತ ಬೇಡ್ಕೋತೇನಿ."

ಸಿಟ್ಟು ಹೋಗಿಲ್ಲ. ಕಳೆದ ಚಳಿಗಾಲದಲ್ಲಿ ಅವಳ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಕೇಳಿದಾಗ ಬಚ್ಚಲಲ್ಲಿ ಜಾರಿದೆ ಎನ್ನಲಿಲ್ಲ, ಇದ್ದದ್ದು ಹೇಳಿದಳು. ಡಾಕ್ಟರು ಮಾತ್ರೆ ಬದಲಿಸಿದರು, ಸ್ವಲ್ಪ ಗುಣ ಕಾಣುತ್ತಿದೆ. ತಾಯಿ ಮಗಳು ಈಗ ಒಳಕೋಣೆಯಲ್ಲಿ ಮಲಗುತ್ತಾರೆ, ಅವನು ಪಡಸಾಲೆಯಲ್ಲಿ. ಹಾಗೆ ಮಾಡೋಣ ಎಂದು ಮೊದಲು ಕೈಸನ್ನೆಯಲ್ಲಿ ಸೂಚಿಸಿದವನು ಅವನೇ. ಊಟವಾಗಿ ಅವರು ಒಳಗೆ ಹೋದ ಮೇಲೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾನೆ. ಮಾತು ಹುಡುಕಲು ತುಸು ಹೊತ್ತು ಬೇಕಾಗುತ್ತದೆ. ಆಮೇಲೆ ಕೇಳುತ್ತಾನೆ:

"ಹಾಜಿರಾ, ಚಿಲಕ ಹಾಕ್ಕೊಂಡಿಯೇನ?"

"ಹಾಕ್ಕೊಂಡೇನ್ರಿ" ಎಂದು ಒಳಗಿನಿಂದ ಅವಳು ಹೇಳಿದ ಮೇಲೆ, ಒಮ್ಮೆ ಬಾಗಿಲು ನೂಕಿ ನೋಡಿ, ಹೋಗಿ ಮಲಗುತ್ತಾನೆ.